ಚೀಟಿ ಕಳಚಿದರೆ ಚಿನ್ನವೂ ಮಣ್ಣೇ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲುದಾರಿಯ ಆಸುಪಾಸಿನಲ್ಲಿ ಎದ್ದು ನಿಂತಿರುವ ಬೋಳು ದಿಬ್ಬಗಳನ್ನು ಕೆಜಿಎಫ್ ಜನ ಸೈನೈಡ್ ಗುಡ್ಡಗಳೆಂದು ಕರೆಯುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಅಲ್ಲಿ ರಾಶಿಬಿದ್ದಿದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಊರಿನ ಪಾಲಿಗೆ ಉಳಿದ ಆಸ್ತಿಯೂ ಇದೇ, ಪೀಡೆಯೂ ಇದೇ. ಸುಮಾರು 1,003 ಎಕರೆಗಳಲ್ಲಿ ಹರಡಿರುವ 13 ಗುಡ್ಡಗಳ ಮಣ್ಣನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಸಮ್ಮತಿಸಿತು. ಉದ್ಯೋಗ, ಭೂಮಿ, ಬಾಕಿ ಹಣ ಇವುಗಳ ಬಗ್ಗೆ ಚರ್ಚೆ ನಡೆದಿದೆ, ನಡೆಯಲೂ ಬೇಕು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಮಣ್ಣಿನ ಮಾದರಿಗಳಿಗೆ ಕಟ್ಟುವ ಚೀಟಿಯ ಇನ್ನೊಂದು ತುಂಡು ಯಾರ ಬಳಿ ಇರುತ್ತದೆ?

ಪ್ರಶ್ನೆ ಕ್ಷುಲ್ಲಕವೆನಿಸಿದರೆ ಲೆಕ್ಕವನ್ನು ಗಮನಿಸಬೇಕು. ಗುಡ್ಡಗಳಲ್ಲಿರುವುದು ಸುಮಾರು 3.3 ಕೋಟಿ ಟನ್ ಪುಡಿ. ಟನ್ನಿಗೆ ಸಿಗಬಹುದಾದ ಚಿನ್ನ ಒಂದು ಗ್ರಾಮಿಗಿಂತಲೂ ಕಡಿಮೆ. ಅಂದಾಜಿನಲ್ಲಿ ಟನ್ನಿಗೆ ಗ್ರಾಮಿನ ಹತ್ತನೆಯ ಒಂದು ಪಾಲು ತಪ್ಪಿದರೆ ಒಟ್ಟು ಲೆಕ್ಕದಲ್ಲಿ 3.3 ಟನ್ ಚಿನ್ನ ಏರುಪೇರಾಗುತ್ತದೆ. ಗ್ರಾಮಿಗೆ ಹತ್ತು ಸಾವಿರ ರೂಪಾಯಿ ಎಂದು ಹಿಡಿದರೂ ಅದರ ಬೆಲೆ 3,300 ಕೋಟಿ ರೂಪಾಯಿ. ಅಷ್ಟನ್ನೂ ಹೊರತೆಗೆಯಲು ಸಾಧ್ಯವಾಗದು, ನಿಜ. ಆದರೂ ಹರಾಜಿನ ಮೊತ್ತ ನಿಲ್ಲುವುದು ಈ ಅಂದಾಜಿನ ಮೇಲೆ, ಮತ್ತು ಅಂದಾಜು ನಿಲ್ಲುವುದು ಪ್ರಯೋಗಾಲಯದಲ್ಲಿ ಒಂದು ಸಲಕ್ಕೆ ಕರಗಿಸುವ ಮೂವತ್ತು ಅಥವಾ ಐವತ್ತು ಗ್ರಾಂ ಪುಡಿಯ ಮೇಲೆ.

ಆ ಪುಡಿಯ ಗುರುತು ಉಳಿಯುವ ಬಗೆ ಕುತೂಹಲಕರ. ಚಿನ್ನದ ಗಣಿಗಾರಿಕೆಯಲ್ಲಿ ಮಾದರಿ ತೆಗೆಯುವವನ ಬಳಿ ನಮ್ಮ ಕಂದಾಯ ಇಲಾಖೆಯ ರಸೀದಿ ಪುಸ್ತಕದಂಥದೇ ಒಂದು ಪುಸ್ತಕವಿರುತ್ತದೆ. ಪ್ರತಿ ಹಾಳೆಯ ಎರಡು ಮೂರು ತುಂಡುಗಳಲ್ಲೂ ಒಂದೇ ಸಂಖ್ಯೆ. ಹರಿದು ತೆಗೆದ ತುಂಡು ಮಾದರಿಯ ಚೀಲಕ್ಕೆ ಹೋಗುತ್ತದೆ. ಯಾವ ಜಾಗ, ಎಷ್ಟು ಆಳ ಎಂಬ ವಿವರ ಪುಸ್ತಕದಲ್ಲುಳಿಯುವ ಕೌಂಟರ್‌ಫಾಯಿಲಿನಲ್ಲಿರುತ್ತದೆ. ಪ್ರಯೋಗಾಲಯಕ್ಕೆ ಗೊತ್ತಾಗುವುದು ಸಂಖ್ಯೆ ಮಾತ್ರ. ಅದೇ ಅನುಕ್ರಮದಲ್ಲಿ ಚಿನ್ನವೇ ಇಲ್ಲದ ಪುಡಿಯನ್ನೂ, ಚಿನ್ನದ ಪ್ರಮಾಣ ಮೊದಲೇ ಗೊತ್ತಿರುವ ಪುಡಿಯನ್ನೂ ನಡುನಡುವೆ ಸೇರಿಸಿ ಕಳಿಸುತ್ತಾರೆ. ಪರೀಕ್ಷಿಸುವವನೇ ಅರಿಯದೆ ಪರೀಕ್ಷೆಗೊಳಗಾಗುತ್ತಾನೆ! ಕುಲುಮೆಯ ಬಳಿ ಚೀಟಿಯನ್ನು ಕಳಚಲೇಬೇಕು, ಸಾವಿರ ಡಿಗ್ರಿ ಶಾಖದಲ್ಲಿ ಯಾವ ಕಾಗದವೂ ಉಳಿಯದು. ಆ ಘಟ್ಟದಲ್ಲಿ ಗುರುತು ನಿಂತಿರುವುದು ಮೂಸೆಯ ಮೇಲಿನ ಅಂಕಿ ಮತ್ತು ಸಾಲಿನಲ್ಲಿ ಅದರ ಸ್ಥಾನದ ಮೇಲೆ. ಕೊನೆಗೆ ಫಲಿತಾಂಶವನ್ನು ಕೌಂಟರ್‌ಫಾಯಿಲಿಗೆ ಹೊಂದಿಸಿದಾಗಲೇ ಆ ಮಣ್ಣಿಗೆ ಮತ್ತೆ ಊರು ಹೆಸರು ಬರುತ್ತದೆ.

ಈ ಶಿಸ್ತು ಸಡಿಲಿದಾಗ ಏನಾಗುತ್ತದೆಂಬುದನ್ನು 1997ರಲ್ಲಿ ಜಗತ್ತು ಕಂಡಿತು. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆ ಎಂದಿದ್ದ ಕೆನಡಾದ ಬ್ರೆ-ಎಕ್ಸ್ ಕಂಪನಿಯ ಮಾದರಿಗಳಿಗೆ ಹೊರಗಿನ ಚಿನ್ನದ ಕಣಗಳನ್ನು ಬೆರೆಸಲಾಗಿತ್ತು. ಕೊರೆದು ತೆಗೆದ ಶಿಲೆಯನ್ನು ಸೀಳಿ ಅರ್ಧವನ್ನು ಕಾದಿಡುವುದು ರೂಢಿ. ಅಲ್ಲಿ ಬಹುಪಾಲನ್ನು ಇಡಿಯಾಗಿ ಪುಡಿ ಮಾಡಿದ್ದರು. ಹೋಲಿಸಿ ನೋಡಲು ಏನೂ ಉಳಿದಿರಲಿಲ್ಲ. ಷೇರುದಾರರ ಕೋಟ್ಯಂತರ ಡಾಲರ್ ಮುಳುಗಿದ ಮೇಲೆ ಕೆನಡಾ 2001ರಲ್ಲಿ ಮಾದರಿಗಳ ಕಾವಲು ಮತ್ತು ಪರಿಶೀಲನೆಯ ಕ್ರಮವನ್ನು ಬಹಿರಂಗಪಡಿಸುವ ಕಟ್ಟಳೆ ತಂದಿತು. ನಮ್ಮ ಗಣಿಗಳಿಗೆ ಬೀಗ ಬಿದ್ದದ್ದೂ ಅದೇ ವರ್ಷ.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಹರಾಜಿಗೆ ಮುನ್ನ ಖನಿಜದ ಪ್ರಮಾಣವನ್ನು ದೃಢಪಡಿಸಬೇಕೆಂಬ ನಿಯಮಾವಳಿ 2015ರಿಂದ ಇದೆ. ಭೂವೈಜ್ಞಾನಿಕ ದತ್ತಾಂಶದ ರಾಷ್ಟ್ರೀಯ ಭಂಡಾರ 2023ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಆದರೆ ಭಂಡಾರದಲ್ಲಿರುವ ಅಂಕಿಗೂ ನೆಲದ ಮೇಲಿನ ಚೀಲಕ್ಕೂ ನಡುವಿನ ಕೊಂಡಿ ಆ ಹರಿದ ಚೀಟಿಯೊಂದೇ. ಸರಕು ಎಂಥದೆಂಬುದು ಒಂದು ಪಕ್ಷಕ್ಕೆ ಮಾತ್ರ ಗೊತ್ತಿದ್ದರೆ ಮಾರುಕಟ್ಟೆಯ ಬೆಲೆಗೆ ಅರ್ಥವಿರುವುದಿಲ್ಲ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿದ ಪಾಠ. ಇಲ್ಲಿ ಮಾರುತ್ತಿರುವುದು ಸಾರ್ವಜನಿಕರ ಸ್ವತ್ತು.

ಮಣ್ಣಿಗಷ್ಟೇ ಅಲ್ಲ, ಮನುಷ್ಯರಿಗೂ ಇದು ಅನ್ವಯಿಸುತ್ತದೆ. ಗಣಿದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕುರಿತ ದೇಶದ ಮೊದಲ ವರದಿಗಳು 1930ರ ದಶಕದಲ್ಲಿ ಬಂದದ್ದು ಕೆಜಿಎಫ್‌ನಿಂದಲೇ. ಆ ರೋಗವಿದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಗುಡ್ಡಗಳನ್ನು ಅಗೆಯತೊಡಗಿದರೆ ದೂಳು ಏಳುವುದು ಖಚಿತ. ಹತ್ತು ವರ್ಷಗಳ ನಂತರ ಕಾಲೊನಿಯ ಒಬ್ಬ ನಿವಾಸಿ ತನ್ನ ಕಾಯಿಲೆಗೆ ಪರಿಹಾರ ಕೇಳಿದರೆ, ಅಗೆಯುವ ಮುನ್ನ ಅವನ ಆರೋಗ್ಯ ಹೇಗಿತ್ತು, ಅವನ ಬಾವಿಯ ನೀರು ಹೇಗಿತ್ತು ಎಂಬುದಕ್ಕೆ ಸಾಕ್ಷ್ಯ ಎಲ್ಲಿದೆ? ಆದ್ದರಿಂದ ಮೊದಲೇ ರಕ್ತ, ನೀರು, ಗಾಳಿಯ ಮಾದರಿಗಳನ್ನು ತೆಗೆದಿಡಬೇಕು. ಖಾಸಗಿತನಕ್ಕಾಗಿ ಹೆಸರನ್ನು ಕಳಚಬೇಕು, ಬೇಕಾದಾಗ ಮತ್ತೆ ಸೇರಿಸಲು ಬರುವಂತೆ ಕಳಚಬೇಕು. ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ವಿಷಯದಲ್ಲಿ ಜಾಣತನ ತೋರಿದೆ. ಕಫದ ಡಬ್ಬಿಯ ಸಂಖ್ಯೆಯನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಬೇಕೆಂಬುದು ಅದರ ಸೂಚನೆ. ಒಂದೇ ಮೇಜಿನ ಮೇಲೆ ಹಲವು ಡಬ್ಬಿಗಳನ್ನು ತೆರೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ, ಡಬ್ಬಿಗಳಲ್ಲ.

ಮಾಡಬೇಕಾದದ್ದು ದುಬಾರಿಯೇನಲ್ಲ. ಪ್ರತಿ ಮಾದರಿಗೂ ಮೂರು ತುಂಡಿನ ಚೀಟಿ ಇರಲಿ: ಒಂದು ಚೀಲಕ್ಕೆ, ಒಂದು ಮಾದರಿ ತೆಗೆದ ಸಂಸ್ಥೆಗೆ, ಇನ್ನೊಂದು ಹರಾಜಿನಲ್ಲಿ ಲಾಭವನ್ನೂ ನಷ್ಟವನ್ನೂ ಕಾಣದ ಮೂರನೆಯವರಿಗೆ. ಪರೀಕ್ಷೆಗೆ ಕಳಿಸಿದಷ್ಟೇ ಮಣ್ಣನ್ನು ಮೊಹರು ಮಾಡಿ ಉಳಿಸಿಕೊಳ್ಳಬೇಕು. ಬಿಡ್ ಸಲ್ಲಿಸುವವರೆಲ್ಲರಿಗೂ, ಕೆಜಿಎಫ್ ನಾಗರಿಕರಿಗೂ ಫಲಿತಾಂಶದ ಪೂರ್ಣ ಪಟ್ಟಿ ಸಿಗಬೇಕು. ಮೂರನೆಯವರು ಯಾರೆಂದು ಹುಡುಕುವ ಸಮಿತಿಯ ಅಗತ್ಯವೂ ಇಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಎರಡು ಬೀಗಗಳ ಕಾವಲಿನಲ್ಲಿಟ್ಟು, ಪ್ರತಿ ಬಾರಿ ತೆರೆದದ್ದನ್ನೂ ದಾಖಲಿಸುವ ಪದ್ಧತಿ ನಮ್ಮ ಖಜಾನೆಗಳಲ್ಲಿ ಬಹುಕಾಲದಿಂದಿದೆ. ಬಂಗಾರಪೇಟೆಯ ಉಪ ಖಜಾನೆಯ ಭದ್ರತಾ ಕೊಠಡಿಯಲ್ಲಿ ಕೆಲವು ಕೌಂಟರ್‌ಫಾಯಿಲ್ ಪುಸ್ತಕಗಳಿಗೆ ಜಾಗ ಸಿಗದೆ ಹೋಗದು.