‘ಏಳೇ ದಿನದಲ್ಲಿ ಕೀಲು ನೋವು ಮಾಯ’ - ಅಚ್ಚು ಹಾಕಿದವನು ನಾನೇ!

ಬಸ್ ಸ್ಟ್ಯಾಂಡಿನ ಗೋಡೆ ಮೇಲೆ, ಲೈಟು ಕಂಬದ ಮೇಲೆ, ಬೆಳಿಗ್ಗೆ ಬರುವ ಪೇಪರಿನ ಮಡಿಕೆಯೊಳಗೆ ಆ ಕರಪತ್ರವನ್ನು ನೀವು ನೋಡಿಯೇ ಇರುತ್ತೀರಿ. ‘ಮಂಡಿ ನೋವೇ? ಕೀಲು ನೋವೇ? ಏಳೇ ದಿನದಲ್ಲಿ ಮಾಯ! ಗುಣವಾಗದಿದ್ದರೆ ಹಣ ವಾಪಸ್!’ ಹಳದಿ ಕಾಗದ, ಕೆಂಪು ಅಕ್ಷರ, ಕೆಳಗೊಂದು ಮೊಬೈಲ್ ನಂಬರು. ಅದನ್ನು ಬರೆದವನು ಯಾರೋ. ಅಚ್ಚು ಹಾಕಿದವನು ನಾನು. ಐದೈದು ಸಾವಿರದ ಲೆಕ್ಕದಲ್ಲಿ ವರ್ಷಗಟ್ಟಲೆ ಹಾಕಿದ್ದೇನೆ. ಮುಂಗಡ ಕೊಡುವ ಗಿರಾಕಿ, ಪ್ರೂಫ್ ನೋಡಲು ಸತಾಯಿಸದ ಗಿರಾಕಿ. ಬಿಡುತ್ತೇನೆಯೇ?

ಈಗ ಆ ಪಾಪದ ಕಥೆ ಕೇಳಿ.

ನನಗೆ ಆಗ 43 ವರ್ಷ. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಪ್ರೆಸ್ಸಿಗೆ ಬಂದು ಇಂಕಿನ ಡಬ್ಬಿಯ ಮುಚ್ಚಳ ತೆಗೆಯಲು ಹೋದೆ. ಬರಲಿಲ್ಲ. ಇಪ್ಪತ್ತೈದು ವರ್ಷದಿಂದ ದಿನಾ ತೆಗೆಯುವ ಮುಚ್ಚಳ! ಹುಡುಗನ ಕೈಲಿ ತೆಗೆಸಿದೆ. ಅವನು ನಕ್ಕ, ನಾನೂ ನಕ್ಕೆ. ಮಾರನೇ ವಾರ ಅಂಗಿಯ ಗುಂಡಿ ಹಾಕಲು ಹೆಂಡತಿ ಬರಬೇಕಾಯಿತು. ಎರಡೂ ಕೈಯ ಬೆರಳ ಬುಡದ ಗೆಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದರೆ ಕೈ ಮುಷ್ಟಿ ಕಟ್ಟಲಾಗದು. ಹತ್ತು ಗಂಟೆ ದಾಟಿದ ಮೇಲೆ ನಿಧಾನಕ್ಕೆ ಸಡಿಲ. ನಮ್ಮಪ್ಪ ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಸಾಕಿದ ಪ್ರೆಸ್ಸು ಇದು. ಇಲ್ಲಿ ಕೈ ಇಲ್ಲ ಅಂದರೆ ಅನ್ನ ಇಲ್ಲ.

ಕೇಳಿದವರೆಲ್ಲರದ್ದೂ ಒಂದೇ ತೀರ್ಪು: ವಾಯು! ಬದನೆಕಾಯಿ ಬಿಡು, ಆಲೂಗಡ್ಡೆ ಬಿಡು, ಕಡಲೆಕಾಳು ಬಿಡು. ಅವರೆಕಾಯಿ ಸುಗ್ಗಿಯಲ್ಲಿ, ಸುಲಿದ ಸೊಗಡಿನ ವಾಸನೆ ಬೀದಿ ತುಂಬಾ ಬರುವ ಬೆಂಗಳೂರಿನಲ್ಲಿ, ಹಿತಕಿದ ಬೇಳೆ ಸಾರು ಇಲ್ಲದೆ ಒಂದು ಚಳಿಗಾಲ ಕಳೆದೆ. ನೋವು ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬಿಡಿಬಿಡಿಯಾಗಿ ತಂದು ನುಂಗಿದೆ. ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಇಂಥ ಹೊತ್ತಿಗೆ ಹಳದಿ ಕರಪತ್ರದ ಗಿರಾಕಿ ಮರುಮುದ್ರಣಕ್ಕೆ ಬಂದ. ನನ್ನ ಕೈ ನೋಡಿದ. ‘ಏನ್ ಸಾರ್, ನಮ್ಮ ಔಷಧಿ ಇಟ್ಕೊಂಡು ನೀವು ನರಳೋದಾ?’ ಎಂದು ಪುಡಿಯ ಪೊಟ್ಟಣ ಕೊಟ್ಟ. ಪುಕ್ಕಟೆ. ತಿಂದೆ. ಏಳು ದಿನ ಬೇಡ, ಮೂರನೇ ದಿನಕ್ಕೇ ನೋವು ಮಾಯ! ಕಾಗದದ ರೀಮು ಹೆಗಲ ಮೇಲೆ ಹೊತ್ತು ಹುಡುಗರಿಗೆ ತೋರಿಸಿದೆ. ಆ ಸಲದ ಐದು ಸಾವಿರ ಕರಪತ್ರಕ್ಕೆ ಕಾಗದದ ಅಸಲು ಮಾತ್ರ ತೆಗೆದುಕೊಂಡೆ. ಎಷ್ಟು ಮನೆಗೆ ಹೋಯಿತೋ ಅದು.

ಎರಡು ತಿಂಗಳಲ್ಲಿ ಮುಖ ಕುಂಬಳಕಾಯಿಯಂತೆ ದುಂಡಗಾಯಿತು. ಇಲ್ಲದ ಸಕ್ಕರೆ ಕಾಯಿಲೆ ರಕ್ತದಲ್ಲಿ ಕಾಣಿಸಿತು. ಪುಡಿ ನಿಲ್ಲಿಸಿದರೆ ನೋವು ಬಡ್ಡಿ ಸಮೇತ ವಾಪಸ್. ಹಣ ಮಾತ್ರ ವಾಪಸ್ ಬರುವ ಪ್ರಶ್ನೆಯೇ ಇರಲಿಲ್ಲ ಬಿಡಿ, ನಾನು ಕೊಟ್ಟಿರಲಿಲ್ಲವಲ್ಲ!

ಕೊನೆಗೆ ನನ್ನನ್ನು ಎಳೆದುಕೊಂಡು ಹೋದವಳು ಮಗಳು. ಮೂಳೆ ಡಾಕ್ಟರ ಹತ್ತಿರ ಅಲ್ಲ, ರುಮಟಾಲಜಿಸ್ಟ್ ಹತ್ತಿರ. ಕೀಲುವಾತಕ್ಕೆಂದೇ ಓದಿದವರು ಬೇರೆ ಇದ್ದಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆಕೆ ಮಲಯಾಳಿ. ಹರುಕು ಮುರುಕು ಕನ್ನಡವಾದರೂ ಕನ್ನಡದಲ್ಲೇ ಕೇಳಿದರು: ಬೆಳಿಗ್ಗೆ ಎಷ್ಟು ಹೊತ್ತು ಬಿಗಿತ? ಎರಡೂ ಕಡೆ ಸಮವಾಗಿ ಊತವೇ? ಎಷ್ಟು ವಾರದಿಂದ? ಜ್ವರ ಬಂದಿತ್ತೇ? ಚಿಕುನ್‌ಗುನ್ಯಾ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಕೀಲು ನೋಯುತ್ತದಂತೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಅದು ಲಕ್ಷಾಂತರ ಜನರನ್ನು ಮಲಗಿಸಿದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತದೆ. ಆಮೇಲೆ ರಕ್ತ ಪರೀಕ್ಷೆ, ಕೈಯ ಎಕ್ಸರೇ. ಬಂದ ಹೆಸರು ರುಮಟಾಯ್ಡ್ ಆರ್ಥ್ರೈಟಿಸ್.

ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಕೀಲು ನೋವೆಂದರೆ ಎಲ್ಲವೂ ಒಂದೇ ಜಾತಿಯಲ್ಲ. ವಯಸ್ಸಾದವರ ಮಂಡಿ ಸವೆಯುವುದು ಬೇರೆ. ಯೂರಿಕ್ ಆಮ್ಲ ಹೆಚ್ಚಿ ಕಾಲಿನ ಹೆಬ್ಬೆರಳು ಕೆಂಪಗೆ ಊದುವ ಗೌಟ್ ಬೇರೆ. ನನಗೆ ಬಂದದ್ದು ಬೇಲಿಯೇ ಎದ್ದು ಹೊಲ ಮೇಯುವ ಜಾತಿ. ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ಪಡೆ ತಿರುಗಿ ನಿಂತು ಕೀಲಿನ ಒಳಪೊರೆಯನ್ನು ತಿನ್ನುತ್ತದೆ. ಅಲ್ಲಿಂದ ಮುಂದೆ ಮೂಳೆ ಕೊರೆಯುತ್ತದೆ. ಬಹಳ ಜನರಲ್ಲಿ ಮೊದಲ ಎರಡು ವರ್ಷದೊಳಗೇ ಈ ಕೊರೆತ ಶುರುವಾಗಿಬಿಡುತ್ತದೆ, ಕೊರೆದದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ಇದು ಮುದುಕರ ಕಾಯಿಲೆ ಎಂದುಕೊಳ್ಳಬೇಡಿ, ಇಪ್ಪತ್ತರಲ್ಲೂ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಜಾಸ್ತಿ. ಟೀ ಅಂಗಡಿ ಮುಂದೆ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಸಿಗರೇಟು ಹಿಡಿದು ನಾಡಿನ ಭವಿಷ್ಯ ಚರ್ಚಿಸುವ ತಮ್ಮಂದಿರೇ, ನಾನೂ ಅಲ್ಲೇ ನಿಂತಿದ್ದವನು.

ನಾನು ಕಳೆದದ್ದು ಎಂಟು ತಿಂಗಳು. ಅಷ್ಟರಲ್ಲಿ ಬಲಗೈ ಕಿರುಬೆರಳು ಹೊರಕ್ಕೆ ವಾಲಿತ್ತು. ಈಗಲೂ ಹಾಗೇ ಇದೆ.

ಪುಡಿಯ ಕಥೆ ಹೇಳಿದಾಗ ಡಾಕ್ಟರು ಬೈಯಲಿಲ್ಲ. ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಎಂಬ ಅನುಮಾನ ಹೇಳಿದರು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಇದೇ ಕಾಯಿಲೆಯಿಂದ ಏಳಲಾಗದೆ ಬಿದ್ದಿದ್ದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿದರಂತೆ. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. ಜಗತ್ತೇ ಬೆರಗಾಯಿತು, 1950ರಲ್ಲಿ ನೊಬೆಲ್ ಬಂತು. ಆಮೇಲೆ ಗೊತ್ತಾಯಿತು ಅದರ ಬೆಲೆ: ಮುಖ ಊತ, ಸಕ್ಕರೆ, ಪೊಳ್ಳಾಗುವ ಮೂಳೆ. ಇವತ್ತೂ ಡಾಕ್ಟರು ಅಳೆದು, ಸ್ವಲ್ಪ ದಿನಕ್ಕೆ ಮಾತ್ರ ಕೊಡುತ್ತಾರೆ. ಹಳದಿ ಕರಪತ್ರದವನಿಗೆ ಎಲ್ಲಿಯ ಅಳತೆ?

ನನಗೆ ಬರೆದುಕೊಟ್ಟದ್ದು ಮೆಥೋಟ್ರೆಕ್ಸೇಟ್. ಮೊದಲು ಕ್ಯಾನ್ಸರಿಗೆ ಕೊಡುತ್ತಿದ್ದ ಔಷಧಿ. ಕೀಲುವಾತಕ್ಕೆಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ಜೊತೆಗೆ ಬೇರೆ ದಿನ ಫೋಲಿಕ್ ಆಮ್ಲ. ಡಾಕ್ಟರು ಹೇಳಿದ್ದರು, ಸುಳ್ಳು ಹೇಳಬಾರದು. ಆದರೆ ಕಾಯಿಲೆಯ ಹೆಸರು ಕೇಳಿದ ಮೇಲೆ ನನ್ನ ಕಿವಿ ಮುಚ್ಚಿಹೋಗಿತ್ತು. ಚೀಟಿಯಲ್ಲಿದ್ದದ್ದು ಇಂಗ್ಲಿಷ್ ಗೀಚು. ಔಷಧಿ ಅಂಗಡಿಯ ಹುಡುಗ ಕವರಿನ ಮೇಲೆ ‘ರಾತ್ರಿ 1’ ಎಂದು ಬರೆದುಕೊಟ್ಟ. ಐದು ರಾತ್ರಿ ಸಾಲಾಗಿ ನುಂಗಿದೆ! ಆರನೇ ದಿನ ಬಾಯಿ ತುಂಬಾ ಹುಣ್ಣು, ನೀರು ಕುಡಿದರೂ ಉರಿ. ಮಗಳು ಮಾತ್ರೆಯ ಹಾಳೆ ತಿರುಗಿಸಿ ಓದಿ ಕಿರುಚಿದಳು. ಓಡಿದೆವು. ರಕ್ತದ ಬಿಳಿಕಣ ಇಳಿದಿದ್ದವು. ಚುಚ್ಚುಮದ್ದು ಕೊಟ್ಟು ಮೂರು ದಿನ ವಾರ್ಡಿನಲ್ಲಿ ಮಲಗಿಸಿದರು. ಈ ಮಾತ್ರೆಯನ್ನು ವಾರಕ್ಕೊಮ್ಮೆಯ ಬದಲು ದಿನಾ ನುಂಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ ಎಂದು ಆಮೇಲೆ ತಿಳಿಯಿತು. ‘ಸೋಮವಾರ ಮಾತ್ರ’ - ಎರಡು ಪದ ಕನ್ನಡದಲ್ಲಿ ಬರೆಯಲು ಎಷ್ಟು ಇಂಕು ಬೇಕು ಸ್ವಾಮಿ? ಇಂಕಿನ ಲೆಕ್ಕ ನನಗೆ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಸರಿಯಾಗಿ ತೆಗೆದುಕೊಂಡ ಮೇಲೆ ಎರಡು ತಿಂಗಳಾಯಿತು ಗುಣ ಕಾಣಲು. ಇದು ನಿಧಾನದ ಔಷಧಿ, ಮೂರನೇ ದಿನದ ಪವಾಡವಲ್ಲ. ಆಗಾಗ ರಕ್ತ ಪರೀಕ್ಷೆ ಮಾಡಿಸಿ ಲಿವರ್ ನೋಡಿಸಬೇಕು. ಹೆಂಡ ಮುಟ್ಟುವಂತಿಲ್ಲ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಡಾಕ್ಟರಿಗೆ ಮೊದಲೇ ಹೇಳಲೇಬೇಕು, ಬಸಿರಿನಲ್ಲಿ ಈ ಮಾತ್ರೆ ಕೂಡದು. ಅವರೆಕಾಯಿ? ಧಾರಾಳವಾಗಿ ತಿನ್ನಿ ಅಂದರು. ಆ ದಿನ ನನಗಾದ ಸಂತೋಷ ಹೇಳತೀರದು.

ಬದುಕುವ ಉಪಾಯ ಕಲಿತಿದ್ದೇನೆ. ಎದ್ದ ಕೂಡಲೇ ಬಿಸಿನೀರಿನ ಬೋಗುಣಿಯಲ್ಲಿ ಹತ್ತು ನಿಮಿಷ ಕೈ ಇಟ್ಟು ಬೆರಳು ಮಡಿಸಿ ಬಿಡಿಸುತ್ತೇನೆ. ಸ್ಪಾನರಿನ ಹಿಡಿಗೆ ಹಳೆ ಟ್ಯೂಬು ಸುತ್ತಿ ದಪ್ಪ ಮಾಡಿದ್ದೇನೆ, ಹಿಡಿ ದಪ್ಪವಿದ್ದಷ್ಟೂ ಬೆರಳಿಗೆ ಸುಖ. ಭಾರವನ್ನು ಬೆರಳಲ್ಲಿ ಹಿಡಿಯದೆ ಎರಡು ಅಂಗೈ ಮೇಲೆ ಹೊರುತ್ತೇನೆ. ಊತ ಜಾಸ್ತಿಯಾದ ದಿನ ಮೆಷಿನ್ ಹುಡುಗನದು, ಪ್ರೂಫ್ ನನ್ನದು. ಮೊದಮೊದಲು ನಾಚಿಕೆಯಾಗುತ್ತಿತ್ತು.

ಇಷ್ಟೆಲ್ಲ ನಿಮಗೇ ಯಾಕೆ ಹೇಳುತ್ತಿದ್ದೇನೆ? ನಿಮ್ಮ ಅಮ್ಮನ ಕೈ ನೋಡಿದ್ದೀರಾ? ಬೆಳಿಗ್ಗೆ ಕುಕ್ಕರ್ ಮುಚ್ಚಳ ತೆಗೆಯಲಾಗದೆ ನಿಮ್ಮನ್ನು ಕೂಗುತ್ತಾರಾ? ಬಟ್ಟೆ ಹಿಂಡಲು ಆಗದೆ ಹಾಗೇ ನೀರು ಸುರಿಸುತ್ತಾ ಒಣಗಹಾಕುತ್ತಾರಾ? ಅರ್ಧ ಗಂಟೆ ದಾಟಿದರೂ ಬಿಗಿತ ಬಿಡದಿದ್ದರೆ, ಗೆಣ್ಣು ಊದಿದ್ದರೆ, ‘ವಾಯು ಅಮ್ಮ, ಸರಿಹೋಗುತ್ತೆ’ ಎಂದು ಮೊಬೈಲಿಗೆ ತಲೆ ಬಗ್ಗಿಸಬೇಡಿ. ಕರೆದುಕೊಂಡು ಹೋಗಿ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿ ಎಂದು ಕೇಳಿ, ಬರೆಸಿಕೊಳ್ಳಿ.

ಹಳದಿ ಕರಪತ್ರದ ಗಿರಾಕಿ ಮತ್ತೆ ಬಂದಿದ್ದ. ವಕಾಲತ್ತು ಫಾರಂ ಮಾಡಿಸಲು ಬರುವ ವಕೀಲರೊಬ್ಬರು ಅಷ್ಟರಲ್ಲಿ ನನ್ನ ಕಣ್ಣು ತೆರೆಸಿದ್ದರು. ಇಂಥ ಔಷಧ ಜಾಹೀರಾತುಗಳಿಗೆ 1954ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಸಂಧಿವಾತವೂ ಇದೆ. ಪ್ರಕಟಣೆಯಲ್ಲಿ ಯಾವ ರೀತಿ ಪಾಲುಗೊಂಡರೂ ತಪ್ಪೇ. ಅಂದರೆ ನಾನೂ! ಕೆಲಸ ಒಲ್ಲೆ ಎಂದೆ. ಅವನು ನಗುತ್ತಾ ಪಕ್ಕದ ಬೀದಿಗೆ ಹೋದ. ಈಗ ಅದು ನಾಲ್ಕು ಬಣ್ಣದಲ್ಲಿ ಬರುತ್ತಿದೆ.

ನಾನು ಬೇರೊಂದು ಚೀಟಿ ಹಾಕಿದ್ದೇನೆ. ಬೆಂಕಿಪೊಟ್ಟಣದ ಗಾತ್ರ, ಹಿಂದೆ ಅಂಟು, ಮಾತ್ರೆಯ ಡಬ್ಬಿಗೆ ಅಂಟಿಸಬಹುದು. ‘ಈ ಮಾತ್ರೆ ವಾರಕ್ಕೆ ಒಂದೇ ದಿನ’ ಎಂದು ದಪ್ಪ ಕನ್ನಡ ಅಕ್ಷರ, ಕೆಳಗೆ ವಾರದ ಹೆಸರು ಬರೆಯಲು ಖಾಲಿ ಜಾಗ. ನಮ್ಮ ಬೀದಿಯ ಎರಡು ಔಷಧಿ ಅಂಗಡಿಯವರು ಇಟ್ಟುಕೊಂಡಿದ್ದಾರೆ, ಒಬ್ಬರು ಬೇಡ ಅಂದರು. ನಿಮ್ಮ ಬೀದಿಯ ಅಂಗಡಿಗೆ ಬೇಕಾದರೆ ಬಂದು ಒಂದು ಕಟ್ಟು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಬೆಳಿಗ್ಗೆ ಹತ್ತರ ಮೇಲೆ ಬನ್ನಿ. ಅದಕ್ಕೆ ಮೊದಲು ಶಟರ್ ಎತ್ತಲು ನನ್ನ ಕೈ ಒಪ್ಪುವುದಿಲ್ಲ.