ಪ್ರೋಟೀನ್ ಡಬ್ಬದಲ್ಲಿ ವಿಟಮಿನ್ 'ಎ' ಎಷ್ಟಿದೆ, ನೋಡಿದ್ದೀರಾ?

ಶಿವಮೊಗ್ಗದ ಗೋಪಾಳದಂಥ ಬಡಾವಣೆಯ ಯಾವುದೇ ಮನೆಯ ಅಡುಗೆ ಕೋಣೆಯ ಕಪಾಟು ತೆರೆದರೂ ಇಂದು ಒಂದಾದರೂ ದೊಡ್ಡ ಡಬ್ಬ ಸಿಗುತ್ತದೆ. ಮಗ ಜಿಮ್‌ಗೆ ಹೋಗುತ್ತಾನೆಂದು ಒಂದು, ಮಗಳು ಬಸುರಿಯೆಂದು ಇನ್ನೊಂದು, ಅಜ್ಜನಿಗೆ ಶಕ್ತಿ ಸಾಲದೆಂದು ಮತ್ತೊಂದು. ಡಬ್ಬದ ಮುಂಭಾಗದಲ್ಲಿ ಪ್ರೋಟೀನ್ ಎಷ್ಟು ಗ್ರಾಂ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹಿಂಭಾಗದಲ್ಲಿ ಸಣ್ಣಕ್ಷರದ ಪಟ್ಟಿಯೊಂದಿರುತ್ತದೆ. ಅದನ್ನು ಓದುವವರು ಕಡಿಮೆ. ಆ ಪಟ್ಟಿಯಲ್ಲಿ ವಿಟಮಿನ್ 'ಎ' ಎಂಬ ಒಂದು ಸಾಲನ್ನಾದರೂ ಓದದೆ ಡಬ್ಬ ಕೊಳ್ಳಬಾರದು ಎಂಬುದು ನನ್ನ ವಾದ.

ವಿಟಮಿನ್ 'ಎ' ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಒಳ್ಳೆಯದು. ಕಣ್ಣಿಗೆ, ಚರ್ಮಕ್ಕೆ, ರೋಗನಿರೋಧಕ ಶಕ್ತಿಗೆ ಅದು ಬೇಕೇ ಬೇಕು. ಆದರೆ ವಿಟಮಿನ್ 'ಸಿ' ಹೆಚ್ಚಾದರೆ ಮೂತ್ರದಲ್ಲಿ ಹೊರಹೋಗುವಂತೆ ಇದು ಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ಯಕೃತ್ತಿನಲ್ಲಿ ಸಂಗ್ರಹವಾಗುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಮಿತಿ ಮೀರಿದರೆ ತಲೆನೋವು, ತುಟಿ ಒಡೆಯುವುದು, ಚರ್ಮ ಒಣಗುವುದು, ಕೂದಲು ಉದುರುವುದು, ಮೂಳೆ ನೋವು, ಕೊನೆಗೆ ಯಕೃತ್ತಿಗೇ ಹಾನಿ.

ಮಿತಿ ಎಷ್ಟು? ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವಂತೆ ದಿನಕ್ಕೆ ಗಂಡಸರಿಗೆ 1000 ಮೈಕ್ರೋಗ್ರಾಂ, ಹೆಂಗಸರಿಗೆ 840, ಗರ್ಭಿಣಿಯರಿಗೆ 900 ಸಾಕು. ವಯಸ್ಕರು 3000 ಮೈಕ್ರೋಗ್ರಾಂ ದಾಟಬಾರದು. ಕೆಲವು ಡಬ್ಬಗಳಲ್ಲಿ ಲೆಕ್ಕ ಐಯುನಲ್ಲಿ ಇರುತ್ತದೆ. 3000 ಮೈಕ್ರೋಗ್ರಾಂ ಎಂದರೆ 10,000 ಐಯು ಎಂದು ನೆನಪಿಟ್ಟುಕೊಳ್ಳಿ.

ಒಂದು ಲೆಕ್ಕ ಹಾಕೋಣ. ಒಂದು ಸ್ಕೂಪ್ ಪುಡಿಯಲ್ಲಿ 300 ಮೈಕ್ರೋಗ್ರಾಂ ಇದೆ ಎಂದುಕೊಳ್ಳಿ. ಹುಡುಗ ದಿನಕ್ಕೆ ಮೂರು ಸ್ಕೂಪ್ ಕುಡಿದರೆ 900. ಜೊತೆಗೆ 5000 ಐಯು ಇರುವ ಒಂದು ಮಲ್ಟಿವಿಟಮಿನ್ ಮಾತ್ರೆ ನುಂಗಿದರೆ ಇನ್ನೊಂದು 1500. ಕೀಲಿಗೆ ಒಳ್ಳೆಯದೆಂದು ಒಂದು ಟೀ ಚಮಚ ಕಾಡ್ ಲಿವರ್ ಎಣ್ಣೆ ಕುಡಿದರೆ ಮತ್ತೆ ಸುಮಾರು 1350. ಊಟಕ್ಕೆ ಕೂರುವ ಮೊದಲೇ 3750 ಆಯಿತು. ಒಂದೊಂದೂ ತನ್ನಷ್ಟಕ್ಕೆ ಮಿತಿಯೊಳಗೇ ಇದೆ, ಕೂಡಿದಾಗ ಮಾತ್ರ ಮಿತಿ ದಾಟುತ್ತದೆ. ಯಾವ ಕಂಪನಿಯೂ ಈ ಕೂಡಿಕೆಯನ್ನು ನಿಮಗಾಗಿ ಮಾಡಿಕೊಡುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಬಾಬ್ತು ಸೇರುತ್ತದೆ: ಕಲೇಜಿ. ಬಕ್ರೀದ್ ದಿನ ಮೊದಲು ಬೇಯುವುದು ಅದೇ. ರಕ್ತ ಹೆಚ್ಚಲಿ ಎಂದು ಬಸುರಿಯರಿಗೆ ವಾರವಾರವೂ ಕಲೇಜಿ ತಿನ್ನಿಸುವ ಹಿರಿಯರಿದ್ದಾರೆ. ಅದರಲ್ಲಿ ಕಬ್ಬಿಣದ ಅಂಶ ಇರುವುದು ನಿಜ. ಆದರೆ 100 ಗ್ರಾಂ ಕುರಿ ಕಲೇಜಿಯಲ್ಲಿ ಸುಮಾರು 7000 ಮೈಕ್ರೋಗ್ರಾಂ, ಕೋಳಿಯದರಲ್ಲಿ 3000ಕ್ಕೂ ಹೆಚ್ಚು ವಿಟಮಿನ್ 'ಎ' ಇರುತ್ತದೆ. ಆರೋಗ್ಯವಂತರು ಹಬ್ಬದ ದಿನ ತಿಂದರೆ ಏನೂ ಆಗದು. ಗರ್ಭದ ಮೊದಲ ಮೂರು ತಿಂಗಳಲ್ಲಿ ಮಾತ್ರ ಮಾತು ಬೇರೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ದಿನಕ್ಕೆ 10,000 ಐಯುಗಿಂತ ಹೆಚ್ಚು ವಿಟಮಿನ್ 'ಎ'ಯನ್ನು ಮಾತ್ರೆಗಳ ರೂಪದಲ್ಲಿ ಸೇವಿಸಿದ ತಾಯಂದಿರ ಶಿಶುಗಳಲ್ಲಿ ಹುಟ್ಟು ದೋಷಗಳು ಹೆಚ್ಚು ಕಂಡವು ಎಂದು ಹೇಳಿತು. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಗರ್ಭಿಣಿಯರಿಗೆ ಕಲೇಜಿಯನ್ನೂ ಕಾಡ್ ಲಿವರ್ ಎಣ್ಣೆಯನ್ನೂ ಬಿಡಲು ಹೇಳುತ್ತದೆ. ಆದ್ದರಿಂದ ಅಮ್ಮಂದಿರೇ, ಅತ್ತೆಯಂದಿರೇ, ಬಸುರಿಯ ರಕ್ತಕ್ಕೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಇದೆ. ಅದನ್ನು ತಪ್ಪದೆ ನುಂಗಿಸಿ, ಕಲೇಜಿಗೆ ಸದ್ಯಕ್ಕೆ ರಜೆ ಕೊಡಿ.

ಗರ್ಭಿಣಿಯರಲ್ಲದೆ ಇನ್ನೂ ಕೆಲವರು ವಿಟಮಿನ್ 'ಎ' ವಿಷಯದಲ್ಲಿ ಎಚ್ಚರವಾಗಿರಬೇಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವ ಯುವಕ ಯುವತಿಯರು ಮೊದಲಿಗರು. ಆ ಔಷಧವೇ ವಿಟಮಿನ್ 'ಎ' ಬಳಗದ್ದು. ಅದರ ಮೇಲೆ ವಿಟಮಿನ್ ಬೆರೆಸಿದ ಪ್ರೋಟೀನ್ ಪುಡಿ ಕುಡಿದರೆ ವಿಷಪರಿಣಾಮ ಹೆಚ್ಚಬಹುದು. ಜಿಮ್‌ಗೆ ಹೋಗುವ ವಯಸ್ಸೂ ಮೊಡವೆಯ ವಯಸ್ಸೂ ಒಂದೇ ಎಂಬುದನ್ನು ತಂದೆ ತಾಯಿ ಗಮನಿಸಬೇಕು. ಯಕೃತ್ತಿನ ಕಾಯಿಲೆ ಇರುವವರು ಎರಡನೆಯವರು. ಮೂತ್ರಪಿಂಡ ಸೋತವರು ಮೂರನೆಯವರು. ಅವರ ದೇಹದಲ್ಲಿ ಈ ವಿಟಮಿನ್ ಸುಲಭವಾಗಿ ತಗ್ಗುವುದಿಲ್ಲ. ಪ್ರೋಟೀನ್ ವಿಷಯದಲ್ಲೂ ಅವರ ಲೆಕ್ಕ ಬೇರೆ: ಡಯಾಲಿಸಿಸ್ ಶುರುವಾಗದವರಿಗೆ ಪ್ರೋಟೀನ್ ಕಡಿಮೆ ಬೇಕು, ಡಯಾಲಿಸಿಸ್‌ನಲ್ಲಿರುವವರಿಗೆ ಹೆಚ್ಚು ಬೇಕು. ಆ ಮನೆಗಳಲ್ಲಿ ವೈದ್ಯರನ್ನು ಕೇಳದೆ ಯಾವ ಡಬ್ಬವನ್ನೂ ತೆರೆಯಬಾರದು.

ಹಾಗಾದರೆ ಆರಿಸುವುದು ಹೇಗೆ? ಪ್ರೋಟೀನ್ ಪುಡಿ ಎಂದರೆ ಅದರಲ್ಲಿ ಪ್ರೋಟೀನ್ ಮಾತ್ರ ಇರಬೇಕು, ಔಷಧದಂಗಡಿಯೇ ಇರಬಾರದು. ಪದಾರ್ಥಗಳ ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಹಾಲಿನ ವ್ಹೇ ಐಸೊಲೇಟ್‌ನಲ್ಲಿ ಕೊಬ್ಬನ್ನು ತೆಗೆದಿರುವುದರಿಂದ ವಿಟಮಿನ್ 'ಎ' ಇಲ್ಲವೆನ್ನುವಷ್ಟು ಕಡಿಮೆ. ಸೋಯಾ, ಬಟಾಣಿ ಪುಡಿಗಳಲ್ಲಿ ರೆಟಿನಾಲ್ ಸಹಜವಾಗಿ ಇರುವುದೇ ಇಲ್ಲ. ತೊಂದರೆ ಇರುವುದು ತೂಕ ಹೆಚ್ಚಿಸುವ ಪುಡಿ, ತಾಯಂದಿರ ಪುಡಿ, ಮಾಲ್ಟ್ ಪುಡಿಗಳಲ್ಲಿ. ಇವುಗಳಿಗೆ ಹತ್ತಿಪ್ಪತ್ತು ವಿಟಮಿನ್‌ಗಳನ್ನು ಬೆರೆಸುವುದು ವಾಡಿಕೆ. ಪಟ್ಟಿಯಲ್ಲಿ ರೆಟಿನೈಲ್ ಪಾಮಿಟೇಟ್, ರೆಟಿನೈಲ್ ಅಸಿಟೇಟ್, ವಿಟಮಿನ್ ಎ ಅಸಿಟೇಟ್ ಎಂಬ ಹೆಸರು ಕಂಡರೆ ಅದು ಬೆರೆಸಿದ ವಿಟಮಿನ್ 'ಎ' ಎಂದು ತಿಳಿಯಿರಿ. ಒಂದು ಸ್ಕೂಪಿಗೆ ಎಷ್ಟು ಎಂದು ನೋಡಿ, ನೀವು ಕುಡಿಯುವ ಸ್ಕೂಪುಗಳಿಂದ ಗುಣಿಸಿ.

ಹಲಾಲ್ ದೃಷ್ಟಿಯಿಂದಲೂ ಈ ಸಾಲು ಮುಖ್ಯ. ವಿಟಮಿನ್ 'ಎ' ಗಾಳಿ ಬೆಳಕಿಗೆ ಬೇಗ ಕೆಡುತ್ತದೆ. ಹಾಗಾಗಿ ಅದನ್ನು ಪುಡಿ ಮಾಡುವಾಗ ಜಿಲಾಟಿನ್ ಅಥವಾ ಪಿಷ್ಟದ ಲೇಪನ ಕೊಡುವುದುಂಟು. ಜಿಲಾಟಿನ್ ಪ್ರಾಣಿಜನ್ಯ, ಅದು ಯಾವ ಪ್ರಾಣಿಯದೆಂದು ಡಬ್ಬ ಹೇಳದೆ ಇರಬಹುದು. ವಿಟಮಿನ್ ಬೆರೆಸದ ಸಾದಾ ಪುಡಿ ಆರಿಸಿದರೆ ಆ ಸಂದೇಹವೂ ಒಂದು ಹೆಜ್ಜೆ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಕೇಳಲೇಬೇಕಾದ ಪ್ರಶ್ನೆ ಉಳಿಯುತ್ತದೆ: ಪುಡಿ ನಿಜವಾಗಿ ಬೇಕೇ? 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನ್ ಸಾಕು ಎಂಬುದು ಅದೇ ಪೋಷಣಾ ಸಂಸ್ಥೆಯ ಲೆಕ್ಕ. ಎರಡು ಮೊಟ್ಟೆಯಿಂದ 12 ಗ್ರಾಂ, ಎರಡು ಲೋಟ ಹಾಲಿನಿಂದ ಸುಮಾರು 13, ಒಂದು ಬಟ್ಟಲು ಬೇಳೆಯಿಂದ 7, ನೂರು ಗ್ರಾಂ ಕೋಳಿ ಅಥವಾ ಬಂಗುಡೆಯಿಂದ ಸುಮಾರು 20. ಅನ್ನ, ರೊಟ್ಟಿಯದನ್ನು ಸೇರಿಸುವ ಮೊದಲೇ ಗುರಿಯ ಹತ್ತಿರ ಬಂದಿರುತ್ತೀರಿ. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚು ಬೇಕು. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಊಟದ ಜೊತೆ ಮೊಟ್ಟೆ, ಹಾಲು ಇವೆ, ನಿಮ್ಮ ಅಂಗನವಾಡಿಯಲ್ಲಿ ವಿಚಾರಿಸಿ. ದೇಹ ಬೆಳೆಸಲೆಂದು ಪ್ರೋಟೀನ್ ಪುಡಿಗಳನ್ನು ಬಳಸಬೇಡಿ ಎಂದು 2024ರ ಮೇ ತಿಂಗಳ ಆಹಾರ ಮಾರ್ಗಸೂಚಿಯಲ್ಲಿ ಆ ಸಂಸ್ಥೆಯೇ ಹೇಳಿದೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ನಮ್ಮ ಆಹಾರ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವ್ಯಾಖ್ಯೆಯೇ ಇಲ್ಲ.

ಇದನ್ನೆಲ್ಲ ಓದಿ ವಿಟಮಿನ್ 'ಎ' ಎಂದರೆ ಭಯಪಡಬೇಡಿ. ಕ್ಯಾರೆಟ್, ಪಪ್ಪಾಯಿ, ಸಿಹಿಗುಂಬಳ, ನುಗ್ಗೆಸೊಪ್ಪಿನಲ್ಲಿ ಇರುವುದು ಬೀಟಾ ಕ್ಯಾರೋಟಿನ್. ಅದರಿಂದ ಬೇಕಾದಷ್ಟನ್ನು ಮಾತ್ರ ದೇಹ ವಿಟಮಿನ್ 'ಎ' ಮಾಡಿಕೊಳ್ಳುತ್ತದೆ, ಅತಿಯಾದರೆ ಚರ್ಮ ಸ್ವಲ್ಪ ಹಳದಿಯಾಗಬಹುದು, ಅಷ್ಟೆ. ಆದರೆ ಧೂಮಪಾನಿಗಳು ಹೆಚ್ಚು ಪ್ರಮಾಣದ ಬೀಟಾ ಕ್ಯಾರೋಟಿನ್ ಮಾತ್ರೆ ನುಂಗಬಾರದು. 1994ರಲ್ಲಿ ಫಿನ್ಲೆಂಡಿನ ಅಧ್ಯಯನದಲ್ಲಿ ಅಂಥವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಯಿತು. ಇನ್ನು ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಹಾಕುವ ವಿಟಮಿನ್ 'ಎ' ದ್ರಾವಣವನ್ನು ಮಾತ್ರ ತಪ್ಪಿಸಬೇಡಿ. ಕಣ್ಣು ಹೋಗುವುದನ್ನು ತಡೆಯಲೆಂದೇ ಅದು ಅಂತರ ಬಿಟ್ಟು, ಅಳತೆಯಿಂದ ಕೊಡುವಂಥದ್ದು.

ಈ ತಿಂಗಳು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಡಬ್ಬ, ಮಾತ್ರೆ, ಎಣ್ಣೆ ಎಲ್ಲವನ್ನೂ ಮೇಜಿನ ಮೇಲಿಟ್ಟು ವಿಟಮಿನ್ 'ಎ' ಸಾಲನ್ನು ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ಮೊತ್ತ 3000 ಮೈಕ್ರೋಗ್ರಾಂ ಸಮೀಪಿಸಿದರೆ ಮೊದಲು ನಿಲ್ಲಿಸಬೇಕಾದದ್ದು ಡಬ್ಬವನ್ನು, ಊಟದ ತಟ್ಟೆಯನ್ನಲ್ಲ. ಮನೆಯಲ್ಲಿ ಬಸುರಿಯೋ ಮೂತ್ರಪಿಂಡದ ರೋಗಿಯೋ ಇದ್ದರೆ ಆ ಹಾಳೆಯನ್ನು ಮುಂದಿನ ತಪಾಸಣೆಗೆ ಜೊತೆಯಲ್ಲಿ ಒಯ್ದು ವೈದ್ಯರಿಗೆ ತೋರಿಸಿ.