ಹಳೆಯ ಕಾರು ಕೊಳ್ಳುವವರಿಗೆ ಎರಡು ಮಾತು

ದನಗಳ ಜಾತ್ರೆಗೆ ಹೋದ ರೈತನು ಎತ್ತಿನ ಬೆಲೆಯನ್ನು ಕೇಳುವುದಕ್ಕೆ ಮುಂಚೆ ಅದರ ಹಲ್ಲನ್ನು ಎಣಿಸುವನು, ಸುಳಿಯನ್ನು ನೋಡುವನು, ನಡೆಯಿಸಿ ಪರೀಕ್ಷಿಸುವನು. ನಿವೇಶನವನ್ನು ಕೊಳ್ಳುವ ಪಟ್ಟಣಿಗನು ಋಣಭಾರ ಪತ್ರವನ್ನು ತರಿಸಿಕೊಂಡಲ್ಲದೆ ಮುಂಗಡ ಕೊಡುವುದಿಲ್ಲ. ಆದರೆ ಅದೇ ಪಟ್ಟಣಿಗನು ಹಳೆಯ ಕಾರನ್ನು ಕೊಳ್ಳಹೊರಟಾಗ ಬಣ್ಣದ ಹೊಳಪಿಗೂ ದಲ್ಲಾಳಿಯ ಮಾತಿಗೂ ಮರುಳಾಗಿ, ಲಕ್ಷಗಟ್ಟಲೆ ಹಣವನ್ನು ತೆತ್ತು, ಬೀಗದ ಕೈಯೊಂದನ್ನು ಹಿಡಿದು ಮನೆಗೆ ಬರುತ್ತಾನೆ. ಇದೆಂತಹ ವಿವೇಕ?

ಕಾರು ಯಾರ ಅಂಗಳದಲ್ಲಿ ನಿಂತಿದೆಯೆಂಬುದಲ್ಲ, ನೋಂದಣಿಯ ದಫ್ತರದಲ್ಲಿ ಯಾರ ಹೆಸರಿದೆಯೆಂಬುದೇ ಮುಖ್ಯವು. 1988ನೆಯ ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣದಂತೆ, ಒಂದೇ ರಾಜ್ಯದೊಳಗಿನ ವಿಕ್ರಯವನ್ನು ಮಾರಿದವನು 14 ದಿನಗಳೊಳಗಾಗಿಯೂ ಕೊಂಡವನು 30 ದಿನಗಳೊಳಗಾಗಿಯೂ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ಇದನ್ನು ಅಲಕ್ಷಿಸಿದುದರ ಫಲವೇನೆಂಬುದನ್ನು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೋರಿಸಿಕೊಟ್ಟಿತು. ಹಲವು ಕೈ ಬದಲಾಯಿಸಿದ್ದ ಕಾರೊಂದು 2009ರಲ್ಲಿ ಅಪಘಾತಕ್ಕೆ ಕಾರಣವಾಗಿತ್ತು. ದಫ್ತರದಲ್ಲಿದ್ದುದು ಮೊದಲು ಮಾರಿದವನ ಹೆಸರೇ. ಪರಿಹಾರದ ಹೊಣೆಯೂ ಅವನದೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ಆದುದರಿಂದ ಈ ಎಚ್ಚರಿಕೆಯು ಕೊಳ್ಳುವವರಿಗೆ ಮಾತ್ರವಲ್ಲ, ಮಾರುವವರಿಗೂ ಸಲ್ಲುತ್ತದೆ.

ಕೊಳ್ಳುವವರು ಮೊದಲು ನೋಂದಣಿ ಪತ್ರದಲ್ಲಿನ ಛಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆ ಕೆತ್ತಿರುವ ಸಂಖ್ಯೆಗಳೊಡನೆ ಹೋಲಿಸಿ ನೋಡಲಿ. ಬಳಿಕ ಸರ್ಕಾರದ ‘ಪರಿವಾಹನ್’ ತಾಣದಲ್ಲಿ ದಾಖಲೆಯನ್ನೂ ಬಾಕಿಯಿರುವ ದಂಡಗಳನ್ನೂ ಪರಿಶೀಲಿಸಲಿ. ಪತ್ರದಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಸಾಲ ತೀರಿತೆಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕು ರುಜುಮಾಡಿದ 35ನೆಯ ನಮೂನೆಯು ಕೈಸೇರಬೇಕು. ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ರುಜುವಾಗದೆ ಪೂರ್ತಿ ಹಣವನ್ನು ಕೊಡಬಾರದು. ವಿಮೆಯನ್ನು ತಮ್ಮ ಹೆಸರಿಗೆ ಬರೆಯಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಹಾಕಬೇಕು. ಮಾರಿದವನು ಗಳಿಸಿದ್ದ ಕ್ಲೇಮುರಹಿತ ಬೋನಸ್ ಕೊಂಡವನಿಗೆ ಬಾರದು.

ಇನ್ನು ವೆಚ್ಚದ ಮಾತು. ಅನ್ಯರಾಜ್ಯದ ಕಾರು ಅಗ್ಗವೆಂದು ಹಿಗ್ಗುವವರು, ಆ ರಾಜ್ಯದ ನಿರಾಕ್ಷೇಪಣ ಪತ್ರವಿದೆಯೇ, ಕರ್ನಾಟಕದಲ್ಲಿ ತೆರಬೇಕಾದ ಜೀವಿತಾವಧಿ ತೆರಿಗೆಯೆಷ್ಟು ಎಂದು ಮೊದಲೇ ಲೆಕ್ಕ ಹಾಕಬೇಕು. ಕಾರಿನ ನೋಂದಣಿಯ ಅವಧಿ 15 ವರ್ಷಗಳು. ಅದನ್ನು ನವೀಕರಿಸುವ ಶುಲ್ಕವು 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000ಕ್ಕೆ ಏರಿತು. ಮುಪ್ಪಿನ ಕಾರಿನ ಬೆಲೆಯನ್ನು ಇವನ್ನೆಲ್ಲ ಕೂಡಿಸಿಯೇ ತೂಗಬೇಕು. ಹಳೆಯ ದಂಡವನ್ನು ಯಾರು ತೆರಬೇಕು, ವರ್ಗಾವಣೆಯ ಶುಲ್ಕ ಯಾರದು ಎಂಬುದನ್ನು ಕರಾರಿನಲ್ಲಿ ಬರೆದುಕೊಳ್ಳುವುದು ಲೇಸು.

ಸಾರಿಗೆ ಇಲಾಖೆಯ ಅಧಿಕಾರಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ವರ್ಗಾವಣೆಗೆ ಬೇಕಾದ ಪತ್ರಗಳ ಪಟ್ಟಿಯೂ ಶುಲ್ಕದ ವಿವರವೂ ಪ್ರತಿಯೊಂದು ಕಛೇರಿಯ ಬಾಗಿಲಲ್ಲಿ ಸುಲಭವಾದ ಕನ್ನಡದಲ್ಲಿ ಕಾಣುವಂತಿದ್ದರೆ, ಜನರು ಮಧ್ಯವರ್ತಿಗಳ ಕೈಕಾಯಬೇಕಾಗಿಲ್ಲ. ಕಾಯಿದೆಯು ಜನರನ್ನು ರಕ್ಷಿಸಬೇಕಾದರೆ ಅದು ಜನರಿಗೆ ತಿಳಿದಿರಬೇಕು.

ಎತ್ತಿನ ಸುಳಿಯನ್ನು ತಪ್ಪದೆ ನೋಡುತ್ತಿದ್ದ ನಮ್ಮ ಹಿರಿಯರಿಗಿಂತ ಓದುಬರಹ ಬಲ್ಲ ನಾವು ಹೆಚ್ಚು ಅಜಾಗರೂಕರಾಗಬಾರದು. ಒಂದು ದಿನ ತಡವಾಗಿ ಕಾರು ಮನೆಗೆ ಬಂದರೆ ನಷ್ಟವಿಲ್ಲ; ಪತ್ರವಿಲ್ಲದೆ ಬಂದರೆ ಅದರೊಡನೆ ವ್ಯಾಜ್ಯವೂ ಮನೆಗೆ ಬರುತ್ತದೆ.